ಒಂದೇ ಸಲ ನೋಡುವುದನ್ನು ಕಲಿತ ಬಗೆ

ನನ್ನ ಕಾಯಿಲೆ ಶುರುವಾದಾಗ ಎಲ್ಲರೂ ಅದನ್ನು ಹೊಗಳಿದರು. ಹಾಗಾಗಿ ಅದೊಂದು ಕಾಯಿಲೆ ಎಂದು ತಿಳಿಯಲು ನನಗೆ ಏಳೆಂಟು ತಿಂಗಳು ಬೇಕಾಯಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಅರಸೀಕೆರೆಯಲ್ಲಿ ನರ್ಸಿಂಗ್ ಓದುತ್ತಿದ್ದೆ. ಕೊಬ್ಬರಿ ಮಂಡಿಯೊಂದರ ಹಿಂದಿದ್ದ ಹಳೆಯ ಮನೆಯೇ ನಮ್ಮ ಹಾಸ್ಟೆಲ್. ಇಪ್ಪತ್ತೆರಡು ಹುಡುಗಿಯರಿಗೆ ಎರಡು ಬಚ್ಚಲು, ಒಂದು ಕನ್ನಡಿ. ಬೆಳಗ್ಗೆ ಆ ಕನ್ನಡಿಯ ಮುಂದೆ ಜಡೆ ಮೇಲಕ್ಕೆ ಕಟ್ಟಿ ಬಿಳಿ ಟೋಪಿಗೆ ಪಿನ್ನು ಸಿಗಿಸಿಕೊಳ್ಳುವ ನೂಕುನುಗ್ಗಲು ನೋಡಿದವರಿಗೆ ಇವರು ರೋಗಿಗಳನ್ನು ನೋಡಿಕೊಳ್ಳುವವರು ಎಂಬ ನಂಬಿಕೆ ಬರುತ್ತಿರಲಿಲ್ಲ. ನಮ್ಮ ಸಮವಸ್ತ್ರಕ್ಕೆ ಎಷ್ಟು ಸೋಪು ಹಾಕಿ ಒಗೆದರೂ ಕೊಬ್ಬರಿಯ ವಾಸನೆ ಹೋಗುತ್ತಿರಲಿಲ್ಲ. ಮಂಚದ ಮೇಲಿನ ಅಜ್ಜಿಯರು ನಮ್ಮ ಕೈ ಹಿಡಿದು ಮೂಸಿ, ಒಬ್ಬಟ್ಟು ಮಾಡಿ ಬಂದ್ರೇನವ್ವ ಎಂದು ಕೇಳುತ್ತಿದ್ದರು.

ನನ್ನ ಊರು ಬಾಣಾವರ. ಅಪ್ಪ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಬರುವ ರೈಲಿಗೆ ಹಳಿ ಕೂಡಿಸುವುದು, ಬಾವುಟ ತೋರಿಸುವುದು ಅವರ ಕೆಲಸ. ನಮ್ಮದು ಬುದ್ಧನನ್ನು ಒಪ್ಪಿಕೊಂಡ ಮನೆ. ಸರಿಯಾಗಿ ಹೇಳಬೇಕೆಂದರೆ ಅಪ್ಪ ಒಪ್ಪಿಕೊಂಡಿದ್ದರು, ಅವ್ವ ಬುದ್ಧನ ಪಟಕ್ಕೆ ಹೂವಿಟ್ಟು ತವರೂರಿನ ಮಾರಮ್ಮನಿಗೂ ಹರಕೆ ಹೊತ್ತುಕೊಳ್ಳುತ್ತಿದ್ದಳು. ನನಗೆ ಗೌತಮಿ ಎಂದು ಹೆಸರಿಟ್ಟದ್ದು ಅಪ್ಪ. ನಮ್ಮ ಕೇರಿಯಿಂದ ಬಿಳಿ ಬಟ್ಟೆ ಹಾಕಿಕೊಂಡು ಆಸ್ಪತ್ರೆಯೊಳಗೆ ಹೋದ ಮೊದಲ ಹುಡುಗಿ ನಾನು. ರಜೆಗೆ ಹೋದಾಗ ತಲೆನೋವು, ಮಂಡಿನೋವು ಹಿಡಿದುಕೊಂಡು ಕೇರಿಯವರೆಲ್ಲ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಅಪ್ಪ ಅವರಿಗೆ ಹೆಮ್ಮೆಯಿಂದ ಟೀ ಕೊಡುತ್ತಿದ್ದರು.

ಎರಡನೇ ವರ್ಷ ನನಗೆ ಹೆಂಗಸರ ವಾರ್ಡಿನ ಕೆಲಸ ಬಿತ್ತು. ಗಂಡಸಿ ಊರಿನ ಕಡೆಯ ಬೋರಮ್ಮ ಎಂಬ ಅಜ್ಜಿ ಜ್ವರ ಬಂದು ಮಲಗಿದ್ದರು. ಒಂದು ಬೆಳಗ್ಗೆ ನಾನು ಅವರಿಗೆ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಅಜ್ಜಿ ಗಡಗಡ ನಡುಗತೊಡಗಿದರು. ಜ್ವರ ಏರುವಾಗ ಬರುವ ನಡುಕ ಅದು, ಹಿಂದಿನ ದಿನವೂ ಬಂದಿತ್ತು. ಅಲ್ಲಿದ್ದ ಸ್ಟಾಫ್ ನರ್ಸ್ ಕಂಬಳಿ ಹೊದಿಸುತ್ತಾ ನನ್ನ ಕಡೆ ತಿರುಗಿ, ಯಾವ ಇಂಜೆಕ್ಷನ್ ಕೊಟ್ಟೆ, ನೋಡಿ ತಾನೆ ಕೊಟ್ಟಿದ್ದು ಎಂದು ಕೇಳಿದರು. ಕೇಳಲೇಬೇಕಾದ ಮಾತು ಅದು. ಈಗ ನಾನೂ ನನ್ನ ಕೈಕೆಳಗಿನವರನ್ನು ಹಾಗೆಯೇ ಕೇಳುತ್ತೇನೆ. ನಾನು ಸರಿಯಾದದ್ದನ್ನೇ ಕೊಟ್ಟಿದ್ದೆ. ಸಾಯಂಕಾಲದ ಹೊತ್ತಿಗೆ ಬೋರಮ್ಮ ಎದ್ದು ಕೂತು, ಮಗಳು ತಂದ ಮುದ್ದೆಗೆ ಸಾರು ಸಾಲದು ಎಂದು ಜಗಳವಾಡುತ್ತಿದ್ದರು.

ಅಜ್ಜಿ ಅದನ್ನು ಮರೆತರು, ನರ್ಸೂ ಮರೆತರು. ಆ ಪ್ರಶ್ನೆ ಮಾತ್ರ ನನ್ನೊಳಗೆ ಉಳಿಯಿತು. ನೋಡಿ ತಾನೆ ಕೊಟ್ಟಿದ್ದು?

ಮರುದಿನದಿಂದ ನಾನು ಔಷಧದ ಹೆಸರನ್ನು ಎರಡು ಸಲ ಓದತೊಡಗಿದೆ. ತಪ್ಪೇನಿಲ್ಲ, ನಮಗೆ ಕಲಿಸಿದ್ದೇ ಹಾಗೆ. ಆಮೇಲೆ ನಾಲ್ಕು ಸಲ, ಆಮೇಲೆ ಹತ್ತು ಸಲ. ಓದಿ ಮುಗಿಸಿದ ಕ್ಷಣವೇ, ಓದಿದೆನೋ ಅಥವಾ ಓದಿದೆ ಅಂದುಕೊಂಡೆನೋ ಎಂಬ ಅನುಮಾನ. ಇಂಜೆಕ್ಷನ್ ಕೊಟ್ಟ ಮೇಲೆ ಅದರ ಪುಟ್ಟ ಗಾಜಿನ ಬುಡ್ಡಿಯನ್ನು, ನಾವು ಆಂಪೂಲ್ ಅನ್ನುತ್ತೇವಲ್ಲ ಅದನ್ನು, ಕಸದ ಬುಟ್ಟಿಯಿಂದ ಎತ್ತಿ ಮತ್ತೆ ಓದುತ್ತಿದ್ದೆ. ಬುಟ್ಟಿಯ ಮುಂದೆ ಎಷ್ಟು ಹೊತ್ತು ಬಗ್ಗಿ ನಿಲ್ಲಲಾದೀತು? ಖಾಲಿ ಆಂಪೂಲ್‌ಗಳನ್ನು ಹತ್ತಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹಾಸ್ಟೆಲ್ಲಿಗೆ ತರತೊಡಗಿದೆ. ಟ್ರಂಕಿನಲ್ಲಿದ್ದ ಸ್ಟೀಲ್ ಡಬ್ಬಿಯೊಂದು ಅವುಗಳ ಮನೆಯಾಯಿತು. ಅನುಮಾನ ಬಂದಾಗ ತೆಗೆದು ಓದಬಹುದಲ್ಲ.

ಅದೂ ಸಾಲದಾಯಿತು. ಡ್ಯೂಟಿ ಮುಗಿಸಿ ಹಾಸ್ಟೆಲ್ ಬಾಗಿಲವರೆಗೆ ಬಂದವಳು ತಿರುಗಿ ವಾರ್ಡಿಗೆ ನಡೆಯುತ್ತಿದ್ದೆ. ನಾನು ಇಂಜೆಕ್ಷನ್ ಕೊಟ್ಟ ಪ್ರತಿಯೊಬ್ಬರ ಹತ್ತಿರವೂ ಹೋಗಿ, ಹೇಗಿದ್ದೀರಾ, ಉಸಿರು ಸರಾಗ ಆಡ್ತಿದೆಯಾ, ಏನೂ ಆಗ್ತಿಲ್ಲ ತಾನೆ ಎಂದು ಕೇಳುತ್ತಿದ್ದೆ. ನಾನು ಕೇಳುತ್ತಿದ್ದದ್ದು ನನ್ನ ಸಮಾಧಾನಕ್ಕೆ, ಅವರು ತಿಳಿದುಕೊಂಡದ್ದು ಪ್ರೀತಿ ಎಂದು. ವಾರ್ಡಿನಲ್ಲಿ ನನ್ನ ಹೆಸರು ಹಬ್ಬಿತು. ಬಿಡುಗಡೆಯಾಗಿ ಹೋಗುವ ಹೆಂಗಸರು ನನ್ನ ಗಲ್ಲ ಸವರಿ ಲಟಿಕೆ ಮುರಿದು ಹೋಗುತ್ತಿದ್ದರು. ಒಬ್ಬರು ತೆಂಗಿನಕಾಯಿ ಚೀಲವನ್ನೇ ಹಾಸ್ಟೆಲ್ಲಿಗೆ ಕಳಿಸಿದರು. ನಮ್ಮ ಟ್ಯೂಟರ್ ಲಲಿತಮ್ಮ ಮೇಡಂ ಹೊಗಳುವುದೇ ಕಡಿಮೆ. ಅಂಥವರೂ ಒಮ್ಮೆ ಕ್ಲಾಸಿನಲ್ಲಿ, ಸೇವೆ ಅಂದರೆ ಗೌತಮಿಯನ್ನು ನೋಡಿ ಕಲಿಯಿರಿ ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯ ಅಂದುಕೊಂಡರು. ಆ ಹೊತ್ತಿನಲ್ಲಿ ನಾನು ಮೂರನೇ ಮಂಚದ ಹೆಂಗಸಿಗೆ ಕೊಟ್ಟ ಮಾತ್ರೆಯ ಬಣ್ಣ ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದೆ.

ನನ್ನ ಕೋಣೆಯ ಗೆಳತಿ ವನಜಾ ಒಬ್ಬಳಿಗೆ ಮಾತ್ರ ಏನೋ ಸರಿಯಿಲ್ಲ ಅನಿಸಿತ್ತು. ಬಿಕ್ಕೋಡಿನ ಕಾಫಿ ಎಸ್ಟೇಟಿನಲ್ಲಿ ಕೂಲಿ ಮಾಡುವವರ ಮಗಳು ಅವಳು. ದನಿ ದೊಡ್ಡದು, ಊಟವೂ ದೊಡ್ಡದು. ನಾನು ತಟ್ಟೆಯಲ್ಲಿ ಬಿಟ್ಟದ್ದನ್ನು ಮೊದಮೊದಲು ಸಂತೋಷದಿಂದ ತಿನ್ನುತ್ತಿದ್ದವಳು, ಎರಡು ತಿಂಗಳಾದ ಮೇಲೆ ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡತೊಡಗಿದಳು. ಒಂದು ಭಾನುವಾರ ಮಧ್ಯಾಹ್ನ ಉಪ್ಪಿನಕಾಯಿ ಇರಬಹುದೆಂದು ನನ್ನ ಟ್ರಂಕಿನ ಡಬ್ಬಿ ತೆರೆದಳು. ಒಳಗೆ ನೂರಾರು ಆಂಪೂಲ್‌ಗಳು, ಹತ್ತಿಯ ಗೂಡಿನಲ್ಲಿ ಹಕ್ಕಿಯ ಮೊಟ್ಟೆಗಳ ಹಾಗೆ. ಅವಳು ಬೈಯಲಿಲ್ಲ, ನಗಲಿಲ್ಲ. ಮುಚ್ಚಳ ಮುಚ್ಚಿ ಇದ್ದಲ್ಲೇ ಇಟ್ಟಳು. ಇದೇನು ಎಂದು ಮೆತ್ತಗೆ ಕೇಳಿದಳು. ಮಾಡೆಲ್ ಮಾಡುವುದಕ್ಕೆ ಎಂದು ಸುಳ್ಳು ಹೇಳಿದೆ.

ಅದಾಗಿ ವಾರದೊಳಗೆ ನನ್ನನ್ನು ಹೊರರೋಗಿಗಳ ಇಂಜೆಕ್ಷನ್ ಕೋಣೆಗೆ ಹಾಕಿದರು. ಬಾಗಿಲಾಚೆ ಉದ್ದನೆಯ ಸಾಲು. ಮೊದಲನೆಯ ಹೆಂಗಸು ಸೆರಗು ಸರಿಸಿ ತೋಳು ಕೊಟ್ಟು ನಿಂತಿದ್ದಾಳೆ, ನಾನು ಆಂಪೂಲ್ ಹಿಡಿದು ಓದುತ್ತಿದ್ದೇನೆ. ಓದಿದ ಅಕ್ಷರ ಕಣ್ಣಿಂದ ಮನಸ್ಸಿಗೆ ಇಳಿಯುತ್ತಿಲ್ಲ. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಯಾರೋ, ಈ ಮಗೀಗೆ ಓದಕ್ಕೆ ಬರಕ್ಕಿಲ್ವೇನೋ ಎಂದರು. ನಾನು ಸಿರಿಂಜನ್ನು ಟ್ರೇಯಲ್ಲಿಟ್ಟು ಹೊರಗೆ ನಡೆದೆ. ಆಸ್ಪತ್ರೆಯ ಗೇಟು, ಬಸ್ ಸ್ಟ್ಯಾಂಡು, ಮಂಡಿ ದಾಟಿ ಸ್ಟೇಷನ್ನಿಗೆ ಹೋಗಿ, ನಿಂತಿದ್ದ ಪ್ಯಾಸೆಂಜರ್ ಗಾಡಿ ಹತ್ತಿ ಕೂತೆ. ಓದು ಮುಗಿಯಿತು, ಇನ್ನು ಮಲಗಿದರೆ ಏಳದಿದ್ದರೆ ಸಾಕು ಎನಿಸಿತ್ತು. ಆ ಮಾತನ್ನು ಇಂದು ಮೊದಲ ಸಲ ಬರೆಯುತ್ತಿದ್ದೇನೆ. ಹಾಗೆ ಅನಿಸಿದ ಇನ್ನೊಬ್ಬ ಹುಡುಗಿ ಇದನ್ನು ಓದುತ್ತಿದ್ದರೆ ಅವಳಿಗೆ ಗೊತ್ತಿರಲಿ: ಹಾಗೆ ಅಂದುಕೊಂಡವಳು ನಲವತ್ತು ದಾಟಿ, ಹೊಟ್ಟೆ ತುಂಬ ಉಂಡು, ಈಗ ಇದನ್ನು ಬರೆಯುತ್ತಾ ಕೂತಿದ್ದಾಳೆ.

ಬಾಣಾವರದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಪ್ಲಾಟ್‌ಫಾರಂ ತುದಿಯಲ್ಲಿ ಅಪ್ಪ ಹಸಿರು ಬಾವುಟ ಹಿಡಿದು ನಿಂತಿದ್ದರು. ವಾರದ ನಡುವೆ, ಬಿಳಿ ಸಮವಸ್ತ್ರದಲ್ಲಿ, ಕೈಯಲ್ಲಿ ಚೀಲವೂ ಇಲ್ಲದೆ ಇಳಿದ ಮಗಳನ್ನು ಅವರು ನೋಡಿದರು. ಆದರೆ ಗಾಡಿ ಹೊರಡುವವರೆಗೆ ಅವರು ಅಲ್ಲಿಂದ ಕದಲುವಂತಿಲ್ಲ. ಕೊನೆಯ ಡಬ್ಬಿ ದಾಟುವವರೆಗೂ ಬಾವುಟ ಹಿಡಿದೇ ಇದ್ದರು, ಕಣ್ಣು ನನ್ನ ಮೇಲೆ. ಆಮೇಲೆ ಬಾವುಟ ಸುತ್ತಿ ಕಂಕುಳಲ್ಲಿಟ್ಟು ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

"ರಜವೇನವ್ವ?" ಅಂದರು.

"ಇಲ್ಲ ಅಪ್ಪ. ನನಗೆ ತಲೆ ಸರಿ ಇಲ್ಲ ಅನ್ಸುತ್ತೆ."

ಅಪ್ಪ ನಲ್ಲಿಯಿಂದ ನೀರು ಹಿಡಿದು ತಂದು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಆಂಪೂಲ್ ಡಬ್ಬಿಯವರೆಗೂ ಹೇಳಿದೆ. ಕೇಳಿ ಮುಗಿಸಿದ ಅಪ್ಪ ಹಳಿಯ ಕಡೆ ನೋಡುತ್ತಾ, ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳಿ ಕೂಡುವ ಪಾಯಿಂಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಮೂರು ಮೂರು ಸಲ ಹಳಿಯ ಮೇಲೆ ನಡೆದು ಹೋಗಿ ನೋಡುತ್ತಿದ್ದುದಾಗಿ ಹೇಳಿದರು. ಒಂದು ಸಲ ಹಾಗೆ ನೋಡುತ್ತಾ ನಿಂತು ಗಾಡಿಯನ್ನೇ ತಡಮಾಡಿ ಬೈಸಿಕೊಂಡರಂತೆ. ಅದು ಹೇಗೆ ಹೋಯಿತು ಎಂದು ಆಸೆಯಿಂದ ಕೇಳಿದೆ. "ಗೊತ್ತಿಲ್ಲ ಕಣವ್ವ, ನಂದು ತಾನಾಗೇ ಹೋಯ್ತು. ನಿಂದು ಹೋಗ್ತಾ ಇಲ್ಲ ಅಂದ್ರೆ ಡಾಕ್ಟ್ರು ಅವ್ರಲ್ಲ" ಅಂದರು. ಅದರಿಂದ ನನ್ನ ಕಾಯಿಲೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೆ ಆ ಬೆಂಚಿನಿಂದ ಏಳುವಾಗ ನನಗೆ ಹಸಿವಾಗಿತ್ತು. ಎಷ್ಟೋ ವಾರಗಳ ಮೇಲೆ ಆದ ಹಸಿವು.

ಅವ್ವನಿಗೆ ಹೇಳಿದಾಗ ಅವಳು ಮೊದಲು ಅತ್ತಳು, ಆಮೇಲೆ ಬಾಗಿಲು ಹಾಕಿದಳು. ಕೇರಿಗೆ ಗೊತ್ತಾದರೆ ನಾಳೆ ಯಾರು ಮದುವೆಯಾಗುತ್ತಾರೆ ಎಂಬುದು ಅವಳ ದಿಗಿಲು. ತವರಿಗೆ ಕರೆದುಕೊಂಡು ಹೋಗಿ ಮಾರಮ್ಮನ ಗುಡಿಯ ದಾರ ಕಟ್ಟಿಸುತ್ತೇನೆ ಎಂದು ಹಟ ಹಿಡಿದಳು. ಅಪ್ಪ ಗೋಡೆಯ ಮೇಲಿನ ಬುದ್ಧನನ್ನು ತೋರಿಸಿ, ದುಃಖಕ್ಕೆ ಕಾರಣ ಐತೆ ಅಂತ ದಿನಾ ಓದಿಬಿಟ್ಟು ಕಾರಣ ಹುಡುಕದೆ ದಾರ ಕಟ್ಟೋದಾ ಎಂದರು. ಹುಡುಕಿ, ಬೇಡ ಅಂದೋರ್ಯಾರು, ದಾರ ಕಟ್ಟಿಕೊಂಡೇ ಹುಡುಕಿ ಎಂದಳು ಅವ್ವ. ಹಿಂದೆಯೇ ತಂದಿಟ್ಟಿದ್ದ ದಾರವೊಂದು ಪೆಟ್ಟಿಗೆಯಿಂದ ಬಂದೇ ಬಂತು. ನರ್ಸುಗಳು ಕೈಗೆ ದಾರ ಕಟ್ಟುವಂತಿಲ್ಲ ಎಂದು ನಾನು ಹೇಳಿದ್ದರಿಂದ ಅದು ಕಾಲಿಗೆ ಹೋಯಿತು. ಅವ್ವ ಕಟ್ಟುವಾಗ ಅಪ್ಪ ಹಿತ್ತಿಲಿಗೆ ಹೋಗಿ ಕೋಳಿಗಳಿಗೆ ಕಾಳು ಹಾಕುತ್ತಿದ್ದರು.

ಮರುದಿನ ಬೆಳಗಿನ ಗಾಡಿಗೆ ಲಲಿತಮ್ಮ ಮೇಡಂ ಬಂದಿಳಿದರು. ಹಿಂದೆ ವನಜಾ, ಅವಳ ಎದೆಗವಚಿದ ಚೀಲದಲ್ಲಿ ನನ್ನ ಡಬ್ಬಿ. ನನ್ನ ಹೆಸರು ಹೊಡೆದುಹಾಕಿದ್ದನ್ನು ಹೇಳಲು ಬಂದಿದ್ದಾರೆ ಎಂದುಕೊಂಡು ಒಳಕೋಣೆ ಸೇರಿದೆ. ಮೇಡಂ ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಅವ್ವ ಹಾಕಿದ ಚಾಪೆಯ ಮೇಲೆ ಕೂತು, ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದರು. ಅವರ ಜಾತಿಯವರು ನಮ್ಮ ಮನೆಯಲ್ಲಿ ಊಟ ಮಾಡಿದ್ದನ್ನು ಅವ್ವ ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳ ಅಳು ಅಲ್ಲಿಗೇ ನಿಂತಿತು. ಕೈ ತೊಳೆದ ಮೇಲೆ ಮೇಡಂ ನನ್ನನ್ನು ಕರೆದರು.

"ಮನೋರೋಗದ ಪಾಠ ಹೋದ ವರ್ಷ ನಾನೇ ಮಾಡಿದ್ದು. ಅದು ಬೇರೆಯವರಿಗೆ ಬರೋ ಕಾಯಿಲೆ ಅಂದ್ಕೊಂಡು ಬರ್ಕೊಂಡ್ಯಾ?"

ಹೌದೆಂದು ತಲೆಯಾಡಿಸಿದೆ.

"ನಾನೂ ಹಾಗೇ ಅಂದ್ಕೊಂಡು ಪಾಠ ಮಾಡಿದ್ದೆ. ನಿನ್ನನ್ನ ಕ್ಲಾಸಲ್ಲಿ ಹೊಗಳಿಬಿಟ್ಟೆ. ತಪ್ಪು ನಂದೂ ಇದೆ. ಬಾ, ಹಾಸನಕ್ಕೆ ಹೋಗಣ."

ಹಾಸನದಲ್ಲಿ ಮನೋವೈದ್ಯರೊಬ್ಬರಿದ್ದರು. ಅಪ್ಪ, ಮೇಡಂ, ನಾನು ಹೋದೆವು. ಕಾಯುವ ಕೋಣೆಯ ಬಾಗಿಲಲ್ಲಿ, ಪರಿಚಯದವರು ಯಾರಾದರೂ ಕಂಡರೆ ಎಂದು ಸೆರಗು ಮುಖಕ್ಕೆ ಎಳೆದುಕೊಂಡೆ. ಒಳಗೆ ನಾನು ಊಹಿಸಿಕೊಂಡಂಥ ಕೂಗಾಟವೇನೂ ಇರಲಿಲ್ಲ. ಒಬ್ಬ ಮೇಷ್ಟರು ಪೇಪರ್ ಓದುತ್ತಿದ್ದರು. ಒಬ್ಬ ತಾಯಿ ಮಗಳಿಗೆ ಹೂ ಮುಡಿಸುತ್ತಿದ್ದಳು. ನನ್ನ ಪಕ್ಕದಲ್ಲಿ ಹಳ್ಳಿಯ ಹೆಂಗಸೊಬ್ಬರು ಅವರೆಕಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು, ಹೊತ್ತು ಯಾಕೆ ಹಾಳು ಎಂಬಂತೆ ಸುಲಿಯುತ್ತಿದ್ದರು. ನನ್ನ ಬಿಳಿ ಚಪ್ಪಲಿ ನೋಡಿ, ಇಲ್ಲಿ ನರ್ಸಮ್ಮನಾ ಎಂದು ಕೇಳಿದರು.

ಹೌದು ಅಂದುಬಿಡಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. "ಇಲ್ಲ ಅಮ್ಮ. ನಾನೂ ತೋರಿಸ್ಕೊಳ್ಳಕ್ಕೆ ಬಂದಿದೀನಿ" ಎಂದೆ.

"ಅಂಗಾದ್ರೆ ಈ ಕಡೀಕೆ ಜರುಗವ್ವ. ಫ್ಯಾನ್ ಗಾಳಿ ಅಲ್ಲಿಗೆ ಬರಕ್ಕಿಲ್ಲ. ನಾನು ಮೂರು ವರ್ಷದಿಂದ ಬತ್ತಾ ಇವ್ನಿ, ನಂಗೊತ್ತು."

ಜರುಗಿದೆ. ಅವರು ಒಂದು ಹಿಡಿ ಅವರೆಕಾಯಿ ನನ್ನ ಮಡಿಲಿಗೂ ಹಾಕಿದರು. ನನ್ನ ಹೆಸರು ಕರೆಯುವವರೆಗೆ ಇಬ್ಬರೂ ಕಾಯಿ ಸುಲಿದೆವು. ಅವರಿಗೆ ಏನಾಗಿತ್ತು ಎಂದು ನಾನು ಕೇಳಲಿಲ್ಲ, ನನಗೇನಾಗಿದೆ ಎಂದು ಅವರೂ ಕೇಳಲಿಲ್ಲ. ನಾನು ಪಡೆದ ಚಿಕಿತ್ಸೆಯಲ್ಲಿ ಮೊದಲನೆಯದು ಅದು ಎಂದೇ ಈಗಲೂ ಎಣಿಸುತ್ತೇನೆ.

ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ನನ್ನ ಕಾಯಿಲೆಗೆ ಗೀಳು ಎಂದು ಹೆಸರು, ಅನುಮಾನದ ಗೀಳು, ಬಹಳ ಜನಕ್ಕೆ ಇರುತ್ತದೆ, ಬಹಳ ಜನ ಮುಚ್ಚಿಟ್ಟುಕೊಳ್ಳುತ್ತಾರೆ ಎಂದರು. ಹೆಸರು ಸಿಕ್ಕಿದ್ದೇ ತಡ, ನಾನು ಗೊಳೋ ಎಂದು ಅತ್ತೆ. ಅಪ್ಪ ಗಾಬರಿಯಾದರು. ನಾನು ಅತ್ತದ್ದು ಸಂತೋಷಕ್ಕೆ. ಹೆಸರಿದ್ದರೆ ಅದು ಕಾಯಿಲೆ, ನಾನಲ್ಲ.

ಅವರು ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಡಿಸಿ, ಒಂದು ಆಂಪೂಲ್ ತೆಗೆದು ಒಂದೇ ಸಲ ಓದಿ ಕಸದ ಬುಟ್ಟಿಗೆ ಹಾಕಲು ಹೇಳಿದರು. ಹಾಕಿದೆ. ಬುಟ್ಟಿಯ ಕಡೆ ನೋಡಬೇಡಿ, ನನಗೆ ಒಳ್ಳೆ ಬಸ್ಸಾರು ಮಾಡುವುದು ಹೇಗೆ ಹೇಳಿ ಎಂದರು. ನಾನು ಸೊಪ್ಪು ಬೇಯಿಸುವಲ್ಲಿಂದ ಶುರುಮಾಡಿದೆ. ಮೈಯೆಲ್ಲ ಬೆವರು, ಕತ್ತು ತಾನಾಗಿಯೇ ಬುಟ್ಟಿಯ ಕಡೆ ತಿರುಗುತ್ತಿತ್ತು. ಒಗ್ಗರಣೆಗೆ ಬರುವ ಹೊತ್ತಿಗೆ ಎದೆಬಡಿತ ಒಂದು ಗುಲಗಂಜಿಯಷ್ಟು ತಗ್ಗಿತು. ಅಷ್ಟೇ, ದಿನಾ ಇಷ್ಟೇ ಕೆಲಸ ಎಂದರು ಡಾಕ್ಟರು. ಅನುಮಾನ ಬರುವುದನ್ನು ನೀವು ತಡೆಯಲಾರಿರಿ, ಬಂದದ್ದಕ್ಕೆ ಕುರ್ಚಿ ಹಾಕಬೇಡಿ. ಮಾತ್ರೆ ಬರೆದುಕೊಟ್ಟರು. ಹೊರಡುವಾಗ ಮೇಡಂ ಕಡೆ ತಿರುಗಿ, ಬಸ್ಸಾರಿಗೆ ಇವರು ಹುಣಸೆಹಣ್ಣು ಹಾಕುವುದನ್ನೇ ಮರೆತರು ಎಂದರು. ಅಪ್ಪ ಆ ಕೋಣೆಯಲ್ಲಿ ಮೊದಲ ಸಲ ನಕ್ಕರು.

ಹದಿನೈದು ದಿನ ಮನೆಯಲ್ಲಿದ್ದು ಹಾಸ್ಟೆಲ್ಲಿಗೆ ವಾಪಸು ಹೋದೆ. ನನ್ನ ಮಾನ ಕಾಯಲೆಂದು ವನಜಾ ಎಲ್ಲರಿಗೂ ನನಗೆ ಟೈಫಾಯ್ಡ್ ಎಂದು ಹೇಳಿಬಿಟ್ಟಿದ್ದಳು. ಪರಿಣಾಮವಾಗಿ ಯಾರೂ ನನ್ನ ಲೋಟ ಮುಟ್ಟುತ್ತಿರಲಿಲ್ಲ, ಬಚ್ಚಲಿಗೆ ನಾನು ಹೋಗಿ ಬಂದ ಮೇಲೆ ಫಿನಾಯಿಲ್ ಸುರಿಯುತ್ತಿದ್ದರು. ನರ್ಸಿಂಗ್ ಹುಡುಗಿಯರಲ್ಲವೆ. ಮೂರು ದಿನ ಸಹಿಸಿದೆ. ನಾಲ್ಕನೆಯ ದಿನ ಸಾಯಂಕಾಲದ ಟೀ ಹೊತ್ತಿನಲ್ಲಿ, ನನಗೆ ಟೈಫಾಯ್ಡ್ ಇಲ್ಲ, ಗೀಳು ಇದೆ, ಅದು ಲೋಟದಿಂದ ಹರಡುವುದಿಲ್ಲ ಎಂದು ಹೇಳಿದೆ. ಡಬ್ಬಿಯ ಕಥೆಯನ್ನೂ ಹೇಳಿದೆ.

ಟೀ ಆರುತ್ತಿತ್ತು. ಆಮೇಲೆ ಬೇಲೂರಿನ ಶಶಿ, ನಮ್ಮೆಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು, ಲೋಟ ನೋಡುತ್ತಾ, ತಾನು ದಿನಾ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತೇನೆ ಎಂದಳು. ತಾನು ನೋಡಿಕೊಳ್ಳುತ್ತಿದ್ದ ಮಗುವೊಂದು ತೀರಿಕೊಂಡಾಗಿನಿಂದ ಹಾಗಂತೆ. ಇನ್ನೊಬ್ಬಳು, ಪರೀಕ್ಷೆ ಹತ್ತಿರ ಬಂದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದಳು. ಮತ್ತೊಬ್ಬಳಿಗೆ ರಕ್ತ ಕಂಡರೆ ಈಗಲೂ ತಲೆ ಸುತ್ತುತ್ತದಂತೆ, ಎರಡು ವರ್ಷದಿಂದ ಗೋಡೆಗೆ ಒರಗಿ ನಿಂತು ನಿಭಾಯಿಸಿದ್ದಾಳೆ. ಇಪ್ಪತ್ತೆರಡು ಜನ ಒಂದೇ ಕನ್ನಡಿ ನೋಡುತ್ತಿದ್ದೆವು, ಒಬ್ಬರು ಇನ್ನೊಬ್ಬರನ್ನು ನೋಡಿರಲಿಲ್ಲ. ಕೊನೆಗೆ ವನಜಾ, "ಬಚ್ಚಲಿಗೆ ನೀರು ಯಾಕೆ ಸಾಲ್ತಿರ್ಲಿಲ್ಲ ಅಂತ ಈಗ ಗೊತ್ತಾಯ್ತು ಬಿಡ್ರೇ" ಎಂದಳು. ಶಶಿಯೇ ಮೊದಲು ನಕ್ಕಳು. ಆಮೇಲೆ ನಕ್ಕದ್ದು ಎಷ್ಟೆಂದರೆ ವಾರ್ಡನ್ ಬಂದು ಬಾಗಿಲು ಬಡಿದರು.

ಮುಂದಿನ ವಾರದಿಂದ ಲಲಿತಮ್ಮ ಮೇಡಂ ಗುರುವಾರದ ಕೊನೆಯ ಪೀರಿಯಡ್ಡಿನಲ್ಲಿ ಪುಸ್ತಕ ಮುಚ್ಚಿಡತೊಡಗಿದರು. ಆ ವಾರ ವಾರ್ಡಿನಲ್ಲಿ ಯಾರಿಗೆ ಯಾವುದು ಭಾರವಾಯಿತು ಎಂದು ಹೇಳಬಹುದಿತ್ತು, ಸುಮ್ಮನೆಯೂ ಕೂರಬಹುದಿತ್ತು. ಶಶಿಯನ್ನು ಹಾಸನದ ಡಾಕ್ಟರ ಹತ್ತಿರ ಅವರೇ ಕರೆದೊಯ್ದರು.

ನನಗೆ ಒಮ್ಮೆಲೇ ಗುಣವಾಗಲಿಲ್ಲ. ಮಾತ್ರೆಯಿಂದ ಬಾಯಿ ಮರಳುಗಾಡಾಗುತ್ತಿತ್ತು. ವನಜಾ ಊರಿಂದ ಬೆಟ್ಟದ ನೆಲ್ಲಿಕಾಯಿ ತರಿಸಿ, ಉಪ್ಪು ಹಚ್ಚಿ ಕೊಡುತ್ತಿದ್ದಳು. ದವಡೆಯಲ್ಲಿ ನೆಲ್ಲಿಕಾಯಿ ಇಟ್ಟುಕೊಂಡೇ ನಾನು ಎರಡನೇ ವರ್ಷದ ಮೌಖಿಕ ಪರೀಕ್ಷೆ ಮುಗಿಸಿದ್ದು. ನಾನು ಸರಿಯಾಗಿ ಕೊಟ್ಟೆನಾ ಎಂದು ಅವಳನ್ನು ಕೇಳಿದರೆ ಉತ್ತರ ಹೇಳಕೂಡದು ಎಂದು ಡಾಕ್ಟರು ಅವಳಿಗೂ ಹೇಳಿ ಕಳಿಸಿದ್ದರು. ನಾನು ಕೇಳುವುದು, ಅವಳು "ಗೊತ್ತಿಲ್ಲ ಕಣೇ, ನೋಡಾಣ" ಅನ್ನುವುದು. ಒಂದು ದಿನ ಅಂಗಲಾಚಿದೆ, ಇನ್ನೊಂದು ದಿನ ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಅವಳು ಬಾಯಿ ಬಿಡಲಿಲ್ಲ. ಅಷ್ಟು ಕಟುಕಳಾಗುವುದಕ್ಕೆ ಎಷ್ಟು ಪ್ರೀತಿ ಬೇಕು ಎಂದು ಈಗ ತಿಳಿಯುತ್ತದೆ. ಆಂಪೂಲ್ ಓದುವುದು ಹತ್ತರಿಂದ ಐದಕ್ಕೆ, ಐದರಿಂದ ಎರಡಕ್ಕೆ ಇಳಿಯಲು ಒಂದು ವರ್ಷ ಹಿಡಿಯಿತು.

ಆಮೇಲಿನದ್ದನ್ನು ಚುಟುಕಾಗಿ ಹೇಳುತ್ತೇನೆ. ನಾನು ಪಾಸಾದೆ, ಬೇಲೂರಿನಲ್ಲಿ ಕೆಲಸ ಸಿಕ್ಕಿತು. ಮದುವೆಯ ಮಾತು ಬಂದಾಗ ಅವ್ವನ ದಿಗಿಲನ್ನು ಬದಿಗಿಟ್ಟು, ಹುಡುಗನಿಗೆ ನಾನೇ ಮೊದಲು ಹೇಳಿದೆ. ಇಬ್ಬರು ಎದ್ದು ಹೋದರು. ಮೂರನೆಯವರು ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದರು, ಅವರೇ ಈಗ ನನ್ನ ಗಂಡ. ಮಗಳು ಹುಟ್ಟಿದಾಗ ಗೀಳು ಇನ್ನೊಮ್ಮೆ ತಲೆಯೆತ್ತಿತು. ಆ ಸಲ ಏಳು ತಿಂಗಳು ಕಾಯಲಿಲ್ಲ, ಏಳನೆಯ ದಿನವೇ ಹಾಸನದ ಬಸ್ಸು ಹತ್ತಿದೆ. ಈಗಲೂ ಆಗಾಗ ಬರುತ್ತದೆ, ಬಾಗಿಲಲ್ಲಿ ನಿಂತು ಹೋಗುತ್ತದೆ.

ಆದರೆ ನಾನು ಬದುಕಿಕೊಂಡೆ ಎಂದು ನನಗೆ ಗೊತ್ತಾದ ದಿನವೊಂದಿದೆ, ಅದನ್ನು ಹೇಳಬೇಕು. ಮೂರನೇ ವರ್ಷದಲ್ಲಿ ನಮ್ಮನ್ನು ಹಳ್ಳಿಯ ಕೆಲಸ ಕಲಿಯಲು ಹಳೇಬೀಡಿನ ಆಸ್ಪತ್ರೆಗೆ ಕಳಿಸಿದ್ದರು. ಒಂದು ಭಾನುವಾರ ಪೋಲಿಯೊ ಹನಿ ಹಾಕುವ ದಿನ. ವನಜಾಗೂ ನನಗೂ ಬಸ್ ನಿಲ್ದಾಣದ ಪಕ್ಕ ಮರದ ಕೆಳಗೆ ಮೇಜು. ನಾನು ಹನಿ ಹಾಕುವುದು, ಅವಳು ಮಗುವಿನ ಕಿರುಬೆರಳಿಗೆ ಮಸಿ ಹಚ್ಚುವುದು. ಬೆಳಗ್ಗೆ ಮೇಜಿನ ಮುಂದೆ ನಿಂತಾಗ ಹಳೆಯ ಬೆವರು ಬಂತು. ಪ್ರತಿ ಮಗುವಿಗೂ ಎರಡೇ ಹನಿ, ಮಗು ಹೋದ ಮೇಲೆ ಓದಿ ನೋಡಲು ಒಂದು ಖಾಲಿ ಬುಡ್ಡಿಯೂ ಉಳಿಯುವುದಿಲ್ಲ.

ಮಕ್ಕಳು ಬಂದವು. ಕಂಕುಳಲ್ಲಿ, ಸೈಕಲ್ಲಿನ ಮೇಲೆ, ಎತ್ತಿನ ಗಾಡಿಯಲ್ಲಿ ಒಟ್ಟಿಗೆ ಹನ್ನೊಂದು. ದೇವಸ್ಥಾನ ನೋಡಲು ಬಂದಿದ್ದ ಉತ್ತರದ ಕಡೆಯ ಸಂಸಾರವೊಂದು ನಮ್ಮ ಭಾಷೆ ಬಾರದೆ, ಮಗುವಿನ ಬಾಯಿ ತೋರಿಸಿ ಸಾಲಿನಲ್ಲಿ ನಿಂತಿತು. ಒಂದು ಪೋರ ನನ್ನ ಬೆರಳು ಕಚ್ಚಿದ. ಒಂದು ಹುಡುಗಿ ಹನಿ ನುಂಗಿ, ಸಾಲಿನ ಕೊನೆಗೆ ಓಡಿ ಮತ್ತೆ ಬಂದು ಬಾಯಿ ತೆರೆದಳು, ವನಜಾ ಮಸಿ ನೋಡಿ ಹಿಡಿದಳು. ಅರ್ಧ ಊರು ಅಳುತ್ತಿತ್ತು, ಇನ್ನರ್ಧ ನಗುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಎಳೆಯ ತಾಯಿಯೊಬ್ಬಳು ಓಡಿ ಬಂದು, ಎರಡು ಬಿತ್ತೋ ಮೂರು ಬಿತ್ತೋ ಅಕ್ಕ, ನಂಗೆ ಅನುಮಾನ ಎಂದಳು. ಅವಳ ಕಣ್ಣಿನ ದಿಗಿಲು ನನಗೆ ಚೆನ್ನಾಗಿ ಗೊತ್ತಿತ್ತು. ಎರಡೇ ಬಿದ್ದದ್ದು, ಮೂರು ಬಿದ್ದರೂ ಏನಾಗಲ್ಲ, ಮನೆಗೆ ಹೋಗಿ ಹಾಲು ಕುಡಿಸು ಎಂದೆ. ಹೇಳಿದ ಮೇಲೆ ಗಮನಕ್ಕೆ ಬಂತು, ಬೆಳಗಿನಿಂದ ನಾನು ಒಂದು ಮಗುವಿನ ಹಿಂದೆಯೂ ಹೋಗಿರಲಿಲ್ಲ.

ಸಾಯಂಕಾಲ ಮೇಜು ಎತ್ತುವ ಹೊತ್ತು. ಬೇಲೂರಿನ ಬಸ್ಸು ಹೊರಟಿತ್ತು. ಕಿಟಕಿಯಿಂದ ಹೆಂಗಸೊಬ್ಬಳು ಮಗುವನ್ನು ಎತ್ತಿ ಹಿಡಿದು, ಇವನಿಗೆ ಹಾಕಿಸೇ ಇಲ್ಲ ಎಂದು ಕೂಗಿದಳು. ಕಂಡಕ್ಟರು ಸೀಟಿ ಊದಿ ಬಸ್ಸನ್ನು ನಿಧಾನ ಮಾಡಿಸಿದರು. ನಾನು ಬುಡ್ಡಿ ಹಿಡಿದು ಓಡಿ ಫುಟ್‌ಬೋರ್ಡ್ ಹತ್ತಿದೆ. ಜನ ದಾರಿ ಬಿಟ್ಟರು. ಮಗು ನನ್ನ ಟೋಪಿ ನೋಡಿ ಬಾಯಿ ತೆರೆಯಿತು. ಒಂದು, ಎರಡು. ಕಂಡಕ್ಟರು ಬೇಗ ಇಳಿಯಮ್ಮ ಎಂದರು, ಇಳಿದೆ.

ಬಸ್ಸು ವೇಗ ಹಿಡಿಯಿತು. ವನಜಾ ಮಸಿಯ ಬುಡ್ಡಿ ಹಿಡಿದು ಏದುಸಿರು ಬಿಡುತ್ತಾ ಬಂದಳು.

"ಬೆರಳಿಗೆ ಮಸಿ ಹಚ್ಚಲೇ ಇಲ್ಲವಲ್ಲೇ. ಬಾಯೊಳಕ್ಕೆ ಬಿತ್ತಾ?"

"ಬಿತ್ತು" ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ರಸ್ತೆಯ ಕಡೆ ನೋಡುತ್ತಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾಗಿ, ಧೂಳು ಮಾತ್ರ ಉಳಿದಿತ್ತು. ಆ ಮಗು ಯಾರದೋ, ಯಾವ ಊರಿನದೋ ನನಗೆ ಗೊತ್ತಿಲ್ಲ. ಈಗ ಅದಕ್ಕೆ ಮೀಸೆ ಬಂದಿರುತ್ತದೆ.

ಮೇಜನ್ನು ಇಬ್ಬರೂ ಆ ಕಡೆ ಈ ಕಡೆ ಹಿಡಿದು ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ದಾರಿಯುದ್ದಕ್ಕೂ ವನಜಾ ಊಟಕ್ಕೆ ಏನಿರಬಹುದು ಎಂಬುದನ್ನೇ ಮಾತಾಡಿದಳು.